ನಿದ್ರೆ ಬಾರದುದು ದೋಷವೇ?

ಅನ್ನ ನೀರುಗಳಂತೆ ನಿದ್ರೆಯೂ ದೇಹಧಾರಿಯಾದ ಪ್ರತಿಯೊಂದು ಜೀವಕ್ಕೂ ಬೇಕಾದುದು. ಆದರೆ ಅವುಗಳಿಗೂ ಇದಕ್ಕೂ ಒಂದು ಭೇದವುಂಟು. ಅನ್ನವನ್ನು ದುಡಿದು ಸಂಪಾದಿಸಬಹುದು, ಬೇಡಿ ಪಡೆಯಬಹುದು, ಕಡವಾಗಿಯಾದರೂ ತರಬಹುದು. ನಿದ್ರೆಯನ್ನು ಹಾಗೆ ತರಲು ಬಾರದು. ನೂರು ಖಂಡುಗ ಭತ್ತ ಬೆಳೆಯುವ ಸಾಹುಕಾರನೂ ತನ್ನ ಕೂಲಿಯಾಳಿನಿಂದ ಒಂದು ಗಳಿಗೆಯ ನಿದ್ರೆಯನ್ನು ಕೊಂಡುಕೊಳ್ಳಲಾರನು. ಸುಖವಾಗಿ ಮಲಗುವವನು ನಿದ್ರೆಯ ವಿಷಯವಾಗಿ ಒಂದು ಕ್ಷಣವೂ ಯೋಚಿಸುವುದಿಲ್ಲ. ಅದು ಬಂದುದೇ ಅವನಿಗೆ ತಿಳಿಯದು. ನಿದ್ರೆ ಬಾರದವನಾದರೋ ಸಂಜೆ ದೀಪ ಹಚ್ಚುವ ಹೊತ್ತಿಗೇ ಹಾಸಿಗೆಯನ್ನು ನೆನೆದು ಅಂಜತೊಡಗುವನು.

ಇಂಥವನಿಗೆ ಲೋಕವು ಹೇಳುವ ಸಮಾಧಾನವೇನು? "ಚಿಂತೆ ಬಿಡಿ, ನಿದ್ರೆ ತಾನಾಗಿ ಬರುತ್ತದೆ" ಎನ್ನುವರು. "ಮನಸ್ಸು ನಿರ್ಮಲವಾಗಿದ್ದರೆ ಕಲ್ಲಿನ ಮೇಲೆ ಒರಗಿದರೂ ನಿದ್ರೆಯೇ" ಎನ್ನುವರು. ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆ ಯಾರಿಗೆ ತಾನೆ ತಿಳಿಯದು? ಗಾದೆಯು ಸುಳ್ಳಲ್ಲ. ಆದರೆ ಜನರು ಅದನ್ನು ತಿರುವಿ ಹಾಕಿಕೊಂಡು, ನಿದ್ರೆಯಿಲ್ಲವಾದರೆ ಒಳಗೆ ಏನೋ ಚಿಂತೆಯಿರಬೇಕು, ಚಿಂತೆಯಿದ್ದರೆ ಅದರ ಹಿಂದೆ ಏನೋ ಮುಚ್ಚಿಟ್ಟ ತಪ್ಪು ಇರಬೇಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವರು. ಹೇಳಿದವರ ಬಾಯಲ್ಲಿ ಸಮಾಧಾನವಾಗಿದ್ದ ಮಾತು ಕೇಳಿದವನ ಕಿವಿಯಲ್ಲಿ ಆರೋಪವಾಗುವುದು. ನಡುವಿರುಳಿನಲ್ಲಿ ಒಬ್ಬನೇ ಎಚ್ಚತ್ತಿರುವವನು ತನ್ನ ಮೇಲೆ ತಾನೇ ಈ ಆರೋಪವನ್ನು ಹೊರಿಸಿಕೊಳ್ಳುವನು. ಆದುದರಿಂದ, ನಿದ್ರೆ ಬಾರದುದು ದೋಷವೇ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿ ವಿಚಾರ ಮಾಡುವುದು ಉಚಿತ. ವೈದ್ಯರು ವಾತ ಪಿತ್ತಗಳನ್ನು ದೋಷವೆನ್ನುವ ಅರ್ಥ ಬೇರೆ. ಇಲ್ಲಿ ಕೇಳುತ್ತಿರುವುದು ನಡತೆಯ ದೋಷವನ್ನು ಕುರಿತು.

ಮಹಾಭಾರತದ ಉದ್ಯೋಗಪರ್ವದೊಳಗೆ ಪ್ರಜಾಗರವೆಂಬ ಒಂದು ಉಪಪರ್ವವಿದೆ. ಪ್ರಜಾಗರವೆಂದರೆ ನಿದ್ರೆಗೆಟ್ಟಿರುವುದು. ನಾವು ವಿದುರನೀತಿಯೆಂದು ಕರೆಯುವ ಭಾಗವೇ ಇದು. ಕುಮಾರವ್ಯಾಸನೂ ಆ ರಾತ್ರಿಯ ಕಥೆಯನ್ನು ಬಿಟ್ಟಿಲ್ಲ. ಪಾಂಡವರ ಬಳಿಗೆ ಹೋಗಿದ್ದ ಸಂಜಯನು ಹಿಂದಿರುಗಿ, ಧೃತರಾಷ್ಟ್ರನನ್ನು ನಿಷ್ಠುರವಾಗಿ ನಿಂದಿಸಿ, ಧರ್ಮರಾಯನ ಮಾತುಗಳನ್ನು ನಾಳೆ ಸಭೆಯಲ್ಲಿ ಹೇಳುವೆನೆಂದು ಹೊರಟುಹೋಗುವನು. ಏನು ಹೇಳುವನೋ ಎಂಬ ಬೇಗೆಯಿಂದ ಕುರುಡು ದೊರೆಗೆ ಕಣ್ಣು ಹತ್ತದು. ದ್ವಾರಪಾಲಕನನ್ನು ಕಳುಹಿಸಿ ವಿದುರನನ್ನು ಕರೆಸಿಕೊಳ್ಳುವನು. ಆಗ ವಿದುರನು ನಿದ್ರೆ ಬಾರದವರು ಯಾರು ಯಾರೆಂದು ಹೇಳುವನು: ಬಲಿಷ್ಠನು ಮೇಲೆ ಬಿದ್ದಿರುವಾಗ ಸಾಧನವಿಲ್ಲದೆ ನಿಂತ ದುರ್ಬಲ, ಸ್ವತ್ತು ಅಪಹೃತವಾದವನು, ಕಾಮಾತುರ, ಕಳ್ಳ.

ಈ ಪಟ್ಟಿಯನ್ನು ವಾಚಕರು ನಿಧಾನವಾಗಿ ನೋಡಬೇಕು. ಕಳ್ಳನಿಗೂ ನಿದ್ರೆಯಿಲ್ಲ, ಕಳ್ಳತನಕ್ಕೆ ಈಡಾದವನಿಗೂ ನಿದ್ರೆಯಿಲ್ಲ! ಅನ್ಯಾಯ ಮಾಡಿದವನನ್ನೂ ಅನ್ಯಾಯಕ್ಕೊಳಗಾದವನನ್ನೂ ವಿದುರನು ಒಂದೇ ಸಾಲಿನಲ್ಲಿ ಕೂರಿಸಿದ್ದಾನೆ. ಎಂದ ಮೇಲೆ ಒಬ್ಬನು ಎಚ್ಚತ್ತಿರುವುದನ್ನು ಕಂಡ ಮಾತ್ರಕ್ಕೆ ಅವನು ಯಾವ ಗುಂಪಿನವನೆಂದು ನಿರ್ಣಯಿಸಲು ಬಾರದು. ವಿದುರನಂಥ ವಿದುರನೂ ನಿರ್ಣಯಿಸಲಿಲ್ಲ. ಈ ಮಹಾದೋಷಗಳಲ್ಲಿ ಯಾವುದಾದರೂ ನಿನ್ನನ್ನು ಮುಟ್ಟಿದೆಯೇ, ಪರರ ಧನಕ್ಕೆ ಆಸೆಪಟ್ಟು ಬೇಯುತ್ತಿರುವೆಯಾ ಎಂದು ಕೇಳಿದನು. ಧೃತರಾಷ್ಟ್ರನ ವಿಷಯದಲ್ಲಿ ಉತ್ತರವು ಆ ಕೊನೆಯ ಪ್ರಶ್ನೆಯಲ್ಲಿಯೇ ಇತ್ತೆಂಬುದು ನಿಜ. ಅವನ ಜಾಗರಣೆಗೆ ಕಾರಣವು ಅವನ ನಡತೆಯೇ, ಮದ್ದು ಅವನ ಕೈಯಲ್ಲಿಯೇ ಇತ್ತು. ಆದರೂ ಇರುಳೆಲ್ಲ ನೀತಿಯನ್ನು ಕೇಳಿದ ಮೇಲೆ ಅವನು ಹೇಳಿದುದೇನು? ನಿನ್ನ ಮಾತಿನಂತೆಯೇ ನನ್ನ ಬುದ್ಧಿ ಪಾಂಡವರ ಕಡೆಗೆ ಒಲಿಯುವುದು, ದುರ್ಯೋಧನನನ್ನು ಕಂಡೊಡನೆ ಮತ್ತೆ ತಿರುಗುವುದು ಎಂದನು. ಎಚ್ಚರವಾಗಿದ್ದ ಮಾತ್ರಕ್ಕೆ ವಿವೇಕವೂ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಧೃತರಾಷ್ಟ್ರನಂತೆ ಸಾಲವನ್ನೋ ಸುಳ್ಳನ್ನೋ ಒಡಹುಟ್ಟಿದವರ ಪಾಲನ್ನೋ ಮುಚ್ಚಿಟ್ಟುಕೊಂಡು ನಿದ್ರೆಗೆಟ್ಟಿರುವವನು ಹಾಸಿಗೆಯನ್ನು ಬದಲಿಸಿ ಫಲವಿಲ್ಲ, ಲೆಕ್ಕವನ್ನು ತೀರಿಸಬೇಕು. ಅಂಥವರ ವಿಷಯದಲ್ಲಿ ಹೆಚ್ಚು ಹೇಳತಕ್ಕುದೇನೂ ಇಲ್ಲ. ನಮ್ಮ ಮುಂದಿರುವ ಪ್ರಶ್ನೆ ಉಳಿದವರದು. ವರ್ಷಗಟ್ಟಲೆ ನಿದ್ರೆಯಿಲ್ಲದೆ ಬಳಲುವವರಲ್ಲಿ ಯಾರ ಗಂಟನ್ನೂ ಮುಟ್ಟದ, ಯಾರನ್ನೂ ನೋಯಿಸದ ಸಾಧುಜನರು ಎಷ್ಟೋ ಮಂದಿ ಇರುವರು. ಚರಕಸಂಹಿತೆಯ ಸೂತ್ರಸ್ಥಾನವು ನಿದ್ರಾನಾಶಕ್ಕೆ ಕಾರ್ಯ, ಕಾಲ, ವಿಕಾರ, ಪ್ರಕೃತಿ, ವಾತ ಎಂಬ ಐದು ಹೇತುಗಳನ್ನು ಕೊಡುತ್ತದೆ. ಕಾಲವೆಂದರೆ ಇಲ್ಲಿ ಮುಪ್ಪು. ಪ್ರಕೃತಿಯೆಂದರೆ ಕೆಲವರ ಹುಟ್ಟುಗುಣವೇ ಎಚ್ಚರದ ಕಡೆಗೆ ವಾಲಿರುವುದು. ಈ ಐದರಲ್ಲಿ ಪಾಪವೆಂಬ ಮಾತಿಲ್ಲ. ಆ ವೈದ್ಯನು ಆಹಾರದೊಡನೆ ನಿದ್ರೆಯನ್ನೂ ಶರೀರದ ಮೂರು ಆಧಾರಸ್ತಂಭಗಳಲ್ಲಿ ಒಂದೆಂದು ಎಣಿಸಿದನು. ಅದನ್ನು ಪುಣ್ಯದ ಕೂಲಿಯೆಂದು ಎಣಿಸಲಿಲ್ಲ.

ಇಂದಿನ ವೈದ್ಯಶಾಸ್ತ್ರವು ಮಲಗಲು ಸಾಕಷ್ಟು ಅವಕಾಶವಿದ್ದೂ ವಾರಕ್ಕೆ ಮೂರು ರಾತ್ರಿಗಳಾದರೂ ನಿದ್ರೆ ಕೆಟ್ಟು, ಹಗಲಿನ ಕೆಲಸಕ್ಕೆ ಅದರಿಂದ ಬಾಧೆಯಾಗಿ, ಹೀಗೆ ಮೂರು ತಿಂಗಳು ನಡೆದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆಯೆಂದು ಕರೆಯುತ್ತದೆ. ಇದು ಹೇಗೆ ಬೇರೂರುವುದೆಂಬುದನ್ನು ನ್ಯೂಯಾರ್ಕಿನ ಆರ್ಥರ್ ಸ್ಪೀಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಸ್ಪಷ್ಟಪಡಿಸಿದರು. ಅವರು ಹೇಳಿದ ಮೂರು ಕಾರಣಗಳನ್ನು ನಮ್ಮ ಒಕ್ಕಲುತನದ ಮಾತಿನಲ್ಲಿ ಹೊಲ, ಬೀಜ, ನೀರು ಎನ್ನಬಹುದು. ಹುಟ್ಟುಗುಣವು ಹೊಲ. ಮನೆಯಲ್ಲಿ ಒಂದು ಸಾವು, ಮಗಳ ಮದುವೆಯ ಓಡಾಟ, ಒಂದು ಜ್ವರ, ಇವು ಬೀಜ. ಸಾವಿನ ದುಃಖ ಹಳೆಯದಾಗುವುದು, ಜ್ವರ ಇಳಿಯುವುದು, ನಿದ್ರೆ ಮಾತ್ರ ಹಿಂದಿರುಗುವುದಿಲ್ಲ. ಏಕೆಂದರೆ ಅಷ್ಟರಲ್ಲಿ ನಾವು ನೀರು ಹಾಯಿಸತೊಡಗಿರುತ್ತೇವೆ. ರಾತ್ರಿ ಬಾರದ ನಿದ್ರೆಯನ್ನು ಹಗಲು ಹಿಡಿಯಲು ನೋಡುವೆವು. ಎಂಟು ಗಂಟೆಗೇ ಹಾಸಿಗೆ ಸೇರಿ ಕಾಯುವೆವು. ಬೆಳಗ್ಗೆ ಬೇಗ ಏಳದೆ ಹೊರಳುವೆವು. ಹಗಲಿನ ಮಂಪರಿಗೆ ಇನ್ನೊಂದು ಲೋಟ ಕಾಫಿ ಕುಡಿಯುವೆವು. ಎಲ್ಲವೂ ನಿದ್ರೆಗಾಗಿಯೇ ಮಾಡಿದುದು, ಎಲ್ಲವೂ ನಿದ್ರೆಗೆ ವಿರೋಧವಾದುದು.

ಏಕೆ ವಿರೋಧವೆಂದರೆ, ನಿದ್ರೆಯು ಎರಡು ಕ್ರಮಗಳ ಕೂಟದಿಂದ ಬರುವುದೆಂದು ಜ್ಯೂರಿಕ್ ನಗರದ ಅಲೆಕ್ಸಾಂಡರ್ ಬೊರ್ಬೇಲಿಯವರು ೧೯೮೨ರಲ್ಲಿ ಪ್ರತಿಪಾದಿಸಿದರು. ಒಂದು, ಎಚ್ಚರವಾಗಿದ್ದಷ್ಟು ಹೊತ್ತೂ ಹಸಿವಿನಂತೆ ಬೆಳೆಯುವ ನಿದ್ರೆಯ ಒತ್ತಡ. ಮಿದುಳಿನಲ್ಲಿ ಸಂಗ್ರಹವಾಗುವ ಅಡಿನೋಸಿನ್ ಎಂಬ ದ್ರವ್ಯವು ಇದಕ್ಕೆ ಒಂದು ಕಾರಣ. ಕಾಫಿಯಲ್ಲಿರುವ ಕೆಫೀನ್ ಆ ದ್ರವ್ಯವು ಮುಟ್ಟಬೇಕಾದ ಸ್ಥಾನವನ್ನೇ ಆಕ್ರಮಿಸಿ ಕೂರುವುದು. ಕುಡಿದುದರ ಅರ್ಧಭಾಗ ಇಳಿಯಲು ಸುಮಾರು ಐದು ಗಂಟೆ ಬೇಕು. ಎರಡನೆಯದು, ಸೂರ್ಯನ ಬೆಳಕನ್ನು ಅನುಸರಿಸಿ ದೇಹದೊಳಗೆ ನಡೆಯುವ ಗಡಿಯಾರ. ಹಗಲು ಮಲಗಿದವನು, ಊಟಕ್ಕೆ ಮುಂಚೆ ತಿಂಡಿ ತಿಂದವನಂತೆ, ಹಸಿವನ್ನು ಕೆಡಿಸಿಕೊಂಡನು. ಒಂದು ದಿನ ಐದಕ್ಕೆ, ಒಂದು ದಿನ ಎಂಟಕ್ಕೆ ಏಳುವವನು ಗಡಿಯಾರವನ್ನು ಕೆಡಿಸಿಕೊಂಡನು.

ಇವೆರಡೂ ಸರಿಯಾಗಿದ್ದರೂ ನಿದ್ರೆಯನ್ನು ಓಡಿಸಬಲ್ಲ ಇನ್ನೊಂದು ಶಕ್ತಿಯಿದೆ, ಅದು ಪ್ರಯತ್ನ. ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಶ್ರಾವಣಮಾಸದ ಪುರಾಣಕ್ಕೆ ತಪ್ಪದೆ ಬರುವರು. ಕಂಬಕ್ಕೆ ಒರಗಿ, ಶಾಸ್ತ್ರಿಗಳು ಎರಡನೆಯ ಪದ್ಯಕ್ಕೆ ಬರುವುದರೊಳಗಾಗಿ ನಿದ್ರೆಹೋಗುವರು. ಮೃದಂಗವೂ ಹಾರ್ಮೋನಿಯಮ್ಮೂ ಅವರನ್ನು ಎಬ್ಬಿಸಲಾರವು. ಮಂಗಳಾರತಿಯಾದ ಮೇಲೆ ಮನೆಗೆ ಹೋಗಿ, ಮೆತ್ತನೆಯ ಹಾಸಿಗೆಯಲ್ಲಿ ದೀಪವಾರಿಸಿ ಮಲಗಿದರೆ ಕಣ್ಣು ಅರಳಿ ನಿಲ್ಲುವುವು! ನೋಡಿದವರು ನಗುವರು. ಆದರೆ ಇದರಲ್ಲಿ ಒಂದು ತತ್ತ್ವವಿದೆ. ಪುರಾಣದ ಚಾವಡಿಯಲ್ಲಿ ಅವರು ನಿದ್ರೆಯನ್ನು ಬಯಸಲಿಲ್ಲ, ಬಾರದಿರಲೆಂದು ಕೂಡ ಹೆಣಗಿರಬಹುದು, ಅದು ಬಂದಿತು. ಹಾಸಿಗೆಯಲ್ಲಿ ಅವರು ಅದನ್ನು ಕಾದು ಕುಳಿತ ಬೇಟೆಗಾರರಾದರು, ಅದು ಬರಲಿಲ್ಲ. ಹತ್ತು ವರ್ಷ ಹೀಗಾದರೆ ಹಾಸಿಗೆಯೇ ಎಚ್ಚರದ ಕುರುಹಾಗಿ, ದಿಂಬಿಗೆ ತಲೆಯಿಟ್ಟ ಕೂಡಲೇ ದೇಹವು ಕಾಳಗಕ್ಕೆ ಸಿದ್ಧವಾಗುವುದು.

ಈ ಗಂಟನ್ನು ಬಿಡಿಸಲು ಅಮೆರಿಕದ ರಿಚರ್ಡ್ ಬೂಟ್‌ಜಿನ್ ಎಂಬ ಮನಶ್ಶಾಸ್ತ್ರಜ್ಞರು ೧೯೭೨ರಲ್ಲಿ ಸೂಚಿಸಿದ ವಿಧಾನವು ಮೊದಲು ಕೇಳಿದಾಗ ಕಠಿಣವಾಗಿ ತೋರುವುದು. ನಿದ್ರೆ ಬಂದ ಹೊರತು ಹಾಸಿಗೆಗೆ ಹೋಗಕೂಡದು. ಹಾಸಿಗೆಯಲ್ಲಿ ಓದು, ಲೆಕ್ಕ, ಮಾತುಕತೆ ಕೂಡದು. ಇಂದಿನ ಕಾಲದಲ್ಲಿ ಮೊಬೈಲು ಸರ್ವಥಾ ಕೂಡದು. ಮಲಗಿ ಸುಮಾರು ಇಪ್ಪತ್ತು ನಿಮಿಷದೊಳಗೆ ನಿದ್ರೆ ಬಾರದಿದ್ದರೆ ಎದ್ದು ಬೇರೊಂದು ಕಡೆ ಕುಳಿತು, ಕಣ್ಣು ಎಳೆಯತೊಡಗಿದಾಗ ಮಾತ್ರ ಹಿಂದಿರುಗಬೇಕು. ಒಂದು ರಾತ್ರಿಯಲ್ಲಿ ನಾಲ್ಕು ಸಲ ಏಳಬೇಕಾದರೂ ಏಳಬೇಕು. ರಾತ್ರಿ ಹೇಗೆಯೇ ಕಳೆಯಲಿ, ಬೆಳಗ್ಗೆ ಏಳುವ ಹೊತ್ತು ಒಂದೇ ಆಗಿರಬೇಕು. ಇಪ್ಪತ್ತು ನಿಮಿಷವನ್ನು ಗಡಿಯಾರದಲ್ಲಿ ನೋಡಬಾರದು, ಅಂದಾಜಿನಿಂದ ತಿಳಿಯಬೇಕು; ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಡುವುದೇ ಮೇಲು. ಇರುಳಿನಲ್ಲಿ ಗಂಟೆ ನೋಡುವವನು ಉಳಿದ ಹೊತ್ತನ್ನು ಎಣಿಸುವನು, ಎಣಿಸುವವನಿಗೆ ನಿದ್ರೆ ಎಲ್ಲಿಯದು?

ಇದಕ್ಕಿಂತಲೂ ವಿಚಿತ್ರವಾದುದು ಸ್ಪೀಲ್‌ಮನ್ನರು ೧೯೮೭ರಲ್ಲಿ ಪ್ರಕಟಿಸಿದ ಉಪಾಯ. ಎಂಟು ಗಂಟೆ ಮಲಗಿ ಐದೂವರೆ ಗಂಟೆ ನಿದ್ರಿಸುವವನು ಇನ್ನು ಮೇಲೆ ಐದೂವರೆ ಗಂಟೆ ಮಾತ್ರ ಮಲಗತಕ್ಕುದು. ನಿದ್ರೆಯಿಲ್ಲವೆನ್ನುವವನಿಗೆ ಹಾಸಿಗೆಯನ್ನೇ ಕಡಿಮೆ ಮಾಡುವ ಮದ್ದು! ಕೆಲವು ದಿನಗಳಲ್ಲಿ ಒತ್ತಡವು ಕೂಡಿ, ಚದರಿದ ನಿದ್ರೆಯು ಒಂದೆಡೆ ಸೇರುವುದು. ಮಲಗಿದ ಕಾಲದ ನೂರರಲ್ಲಿ ೮೫ ಭಾಗವಾದರೂ ನಿದ್ರೆಯಾಗತೊಡಗಿದಾಗ ಹದಿನೈದು ಹದಿನೈದು ನಿಮಿಷ ಹೆಚ್ಚಿಸುತ್ತ ಹೋಗಬೇಕು. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ವಾಹನ ನಡೆಸುವವರೂ ಮೂರ್ಛೆರೋಗವುಳ್ಳವರೂ ಇದನ್ನು ತಮ್ಮಷ್ಟಕ್ಕೆ ಮಾಡದೆ ವೈದ್ಯರನ್ನು ಕೇಳಿಯೇ ಮಾಡಬೇಕು. ಈ ಬಗೆಯ ಅಭ್ಯಾಸಗಳನ್ನೂ ಮನಸ್ಸಿನ ತಪ್ಪು ಕಲ್ಪನೆಗಳನ್ನು ತಿದ್ದುವ ಉಪದೇಶವನ್ನೂ ಕೂಡಿಸಿದ ಚಿಕಿತ್ಸೆಯನ್ನೇ ಗುಳಿಗೆಗಳಿಗಿಂತ ಮೊದಲು ಕೊಡತಕ್ಕುದೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯಸಂಸ್ಥೆಯು ೨೦೧೬ರಲ್ಲಿ ಸಾರಿತು. ವಿಯೆನ್ನಾದ ವಿಕ್ಟರ್ ಫ್ರಾಂಕ್ಲ್ ಎಂಬ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿದ್ರೆ ಬಾರದವನು ನಿದ್ರೆಗಾಗಿ ಹೆಣಗದೆ ಎಚ್ಚರವಾಗಿರಲು ಯತ್ನಿಸಲಿ ಎನ್ನುತ್ತಿದ್ದರು. ಪುರಾಣದ ಚಾವಡಿಯ ಗುಟ್ಟೂ ಇದೇ ಅಲ್ಲವೆ?

ಇಲ್ಲಿ ವಿಚಾರವು ವೈದ್ಯವನ್ನು ದಾಟಿ ಧರ್ಮದ ಕಡೆಗೆ ಹೊರಳುವುದು. ನಾನು ಮಾಡಿದರೆ ಆಗುವುದು, ಇನ್ನೂ ಬಲವಾಗಿ ಮಾಡಿದರೆ ಇನ್ನೂ ಚೆನ್ನಾಗಿ ಆಗುವುದು ಎಂಬ ನಂಬುಗೆಯಿಂದಲೇ ನಾವು ಹಗಲೆಲ್ಲ ಬದುಕುವೆವು. ಉಳುವವನಿಗೂ ಬರೆಯುವವನಿಗೂ ಅದು ಸಲ್ಲುವ ನಂಬುಗೆ. ಆದರೆ ದಿನಕ್ಕೊಮ್ಮೆ, ಒಂದು ಹೊಸಿಲಿನ ಬಳಿ, ಆ ಕರ್ತೃವನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿದೆ. ಶರಣರ ಮಾರ್ಗದಲ್ಲಿ ಕಾಯಕವೆಂಬ ಮಾತಿನ ಜೊತೆಗೇ ಪ್ರಸಾದವೆಂಬ ಮಾತಿರುವುದನ್ನು ಇಲ್ಲಿ ನೆನೆಯಬಹುದು. ಪದಾರ್ಥವನ್ನು ಸಿದ್ಧಪಡಿಸಿ ಅರ್ಪಿಸುವುದು ನಮ್ಮ ಪಾಲಿನ ಕೆಲಸ. ಅದು ಪ್ರಸಾದವಾಗಿ ಹಿಂದಿರುಗುವುದು ನಮ್ಮ ಕೈಯದಲ್ಲ. ಹೊತ್ತಿಗೆ ಏಳುವುದು, ಮಧ್ಯಾಹ್ನದ ಮೇಲೆ ಕಾಫಿಯನ್ನು ಬಿಡುವುದು, ಬಿಸಿಲಿನಲ್ಲಿ ನಡೆದಾಡುವುದು, ದೀಪವನ್ನು ಸಣ್ಣದು ಮಾಡುವುದು, ಇಷ್ಟು ನಮ್ಮದು. ಚರಕನು ಹೇಳಿದ ಎಣ್ಣೆಯ ಅಭ್ಯಂಜನ, ಸ್ನಾನ, ಹಾಲು, ಮನಸ್ಸಿಗೆ ಹಿತವಾದ ಧ್ವನಿ, ಇವೂ ಈ ಬಗೆಯವೇ. ಅಲ್ಲಿಂದಾಚೆಗೆ ಕೈ ಚಾಚಿದರೆ ಹಿಂದೆ ಸರಿಯುವುದು.

ಶಿವರಾತ್ರಿಯ ಜಾಗರಣೆಯನ್ನು ನೋಡಿರಿ. ಇರುಳೆಲ್ಲ ಎಚ್ಚತ್ತಿರುವೆನೆಂದು ಸಂಕಲ್ಪ ಮಾಡಿದವನು ಬೆಳಗ್ಗೆ ದಣಿದಿರುವನೇ ಹೊರತು ಹೆದರಿರುವುದಿಲ್ಲ. ನಿದ್ರಾಹೀನನೂ ಅಷ್ಟೇ ಹೊತ್ತು ಎಚ್ಚತ್ತಿರುವನು, ಆದರೆ ದಣಿವಿಗಿಂತ ಭಯವೇ ಅವನನ್ನು ಹೆಚ್ಚಾಗಿ ತಿನ್ನುವುದು. ನಾಳೆ ಏನಾಗುವುದೋ, ಬುದ್ಧಿ ಕೆಡುವುದೋ, ಹೃದಯ ನಿಲ್ಲುವುದೋ! ಇಂಥವರು ತಾವು ನಿದ್ರಿಸಿದುದಕ್ಕಿಂತ ಕಡಿಮೆ ನಿದ್ರಿಸಿದೆವೆಂದು ಎಣಿಸುವುದು ಸಾಮಾನ್ಯವೆಂದು ಮಿದುಳಿನ ವಿದ್ಯುತ್ತನ್ನು ಅಳೆದು ನೋಡಿದವರು ಕಂಡಿದ್ದಾರೆ. ಸುಳ್ಳು ಹೇಳುವರೆಂದಲ್ಲ, ಹಗುರವಾದ ನಿದ್ರೆಯು ಎಚ್ಚರದಂತೆಯೇ ತೋರುವುದು. ವಯಸ್ಸಾದಂತೆ ನಿದ್ರೆ ತೆಳುವಾಗಿ ನಡುನಡುವೆ ಹರಿಯುವುದೂ ಸಹಜವೇ. ಈ ತಿಳಿವಳಿಕೆಯಿಂದ ಭಯವು ಸ್ವಲ್ಪವಾದರೂ ಇಳಿದರೆ, ಅದೇ ಒಂದು ಮದ್ದು.

ಎಚ್ಚರವಾಗಿರುವ ಆ ಹೊತ್ತನ್ನು ಹೇಗೆ ಕಳೆಯಬೇಕೆಂಬುದು ಇನ್ನೊಂದು ಪ್ರಶ್ನೆ. ನಿಜವಾದ ಅಪಾಯವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಮತ್ತೆ ಭಾರತಕ್ಕೇ ಬರೋಣ. ಸೌಪ್ತಿಕಪರ್ವದಲ್ಲಿ, ಯುದ್ಧವೆಲ್ಲ ಮುಗಿದ ರಾತ್ರಿ, ಅಶ್ವತ್ಥಾಮ, ಕೃಪ, ಕೃತವರ್ಮರು ಕಾಡಿನಲ್ಲಿ ಒಂದು ಆಲದ ಮರದ ಕೆಳಗೆ ಇಳಿದರು. ಉಳಿದಿಬ್ಬರು ನೆಲದ ಮೇಲೆಯೇ ಮಲಗಿ ನಿದ್ರಿಸಿದರು. ಅಶ್ವತ್ಥಾಮನಿಗೆ ಮಾತ್ರ ಕೋಪದಿಂದ ಕಣ್ಣು ಮುಚ್ಚಲಿಲ್ಲ. ಆಗ ಒಂದು ಗೂಗೆಯು ಬಂದು ಮರದಲ್ಲಿ ಮಲಗಿದ್ದ ಕಾಗೆಗಳನ್ನು ಕೊಲ್ಲುವುದನ್ನು ಕಂಡನು. ಅದರಿಂದಲೇ ಮಲಗಿರುವ ಪಾಳೆಯವನ್ನು ಕೊಲ್ಲುವ ಯೋಚನೆ ಹುಟ್ಟಿತು. ಒಡನೆಯೇ ಮಿಕ್ಕವರನ್ನು ಎಬ್ಬಿಸಿದನು. ಸೋದರಮಾವನಾದ ಕೃಪನು ಹೇಳಿದ ಬುದ್ಧಿ ಬಹಳ ದೊಡ್ಡದು: ಬಹುಕಾಲದಿಂದ ಎಚ್ಚತ್ತಿದ್ದೀಯೆ, ಈ ರಾತ್ರಿ ಮಲಗು, ಬೆಳಗಾದ ಮೇಲೆ ನೋಡೋಣ. ನೊಂದವನಿಗೆ, ಕೋಪಗೊಂಡವನಿಗೆ ನಿದ್ರೆಯೆಲ್ಲಿ ಎಂದು ಅಶ್ವತ್ಥಾಮನು ಅದನ್ನು ತಳ್ಳಿಹಾಕಿದನು. ಮುಂದಾದುದು ಎಲ್ಲರಿಗೂ ತಿಳಿದಿದೆ. ಸುಖವಾಗಿ ನಿದ್ರಿಸಿದ್ದ ಕೃಪ ಕೃತವರ್ಮರೂ ಅದೇ ರಾತ್ರಿ ಪಾಳೆಯದ ಬಾಗಿಲಲ್ಲಿ ನಿಂತು ಓಡಿಬಂದವರನ್ನು ಕೊಂದರೆಂಬುದನ್ನೂ ಮರೆಯಬಾರದು. ನಿದ್ರೆ ಬಂದುದು ಅವರ ನಿರ್ಮಲತೆಗೆ ಸಾಕ್ಷಿಯಾಗಲಿಲ್ಲ.

ನಿದ್ರೆ ಬಾರದುದಕ್ಕೆ ಅಶ್ವತ್ಥಾಮನನ್ನು ಯಾರೂ ದೂರಲಾರರು. ತಂದೆಯನ್ನು ಮೋಸದಿಂದ ಕಳೆದುಕೊಂಡಿದ್ದವನು ಅವನು. ಇರುಳಿನ ಯೋಚನೆಯನ್ನು ಇರುಳಿನಲ್ಲಿಯೇ ನಿರ್ಣಯ ಮಾಡಿದುದಕ್ಕೆ ಮಾತ್ರ ದೂರಬೇಕಾಗಿದೆ. ನಡುರಾತ್ರಿಯಲ್ಲಿ ಎಲ್ಲ ಬಾಧೆಗಳೂ ಬೆಟ್ಟವಾಗಿ ಕಾಣುವುವು, ಎಲ್ಲ ಮನುಷ್ಯರೂ ಶತ್ರುಗಳಾಗಿ ಕಾಣುವರು. ಆ ಹೊತ್ತಿನಲ್ಲಿ ಬರೆದ ಕಾಗದವನ್ನು ಬೆಳಗ್ಗೆ ಓದಿನೋಡಿ ಹರಿದು ಹಾಕಿದವರು ಪುಣ್ಯವಂತರು. ಇಂದು ಮೊಬೈಲಿನಲ್ಲಿ ಬರೆದುದು ಬೆಳಗಿಗಾಗಿ ಕಾಯುವುದಿಲ್ಲ. ನಿದ್ರೆ ಬಾರದವನು ಇಟ್ಟುಕೊಳ್ಳತಕ್ಕ ವ್ರತವೊಂದಿದ್ದರೆ, ಸೂರ್ಯೋದಯದವರೆಗೆ ಯಾವ ತೀರ್ಪನ್ನೂ ಕೊಡೆನು, ತನ್ನ ಮೇಲೆಯೂ ಕೊಡೆನು ಎಂಬುದೇ ಆ ವ್ರತ. ಸಂಜೆಯೇ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ನಾಳಿನ ಚಿಂತೆಗಳನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ಇರುಳಿನಲ್ಲಿ ಅವು ಬಂದು ಕದ ತಟ್ಟಿದರೆ, ನಿಮ್ಮ ಹೆಸರು ಆಗಲೇ ಬರೆದಾಗಿದೆ, ಬೆಳಗ್ಗೆ ಬನ್ನಿ ಎಂದು ಕಳುಹಿಸಬಹುದು. ಎದ್ದು ಕುಳಿತಾಗ ಕೈಗೆ ಸಣ್ಣ ಕೆಲಸವಿರಲಿ: ಹತ್ತಿಯ ಬತ್ತಿ ಹೊಸೆಯುವುದು, ಅವರೆ ಬಿಡಿಸುವುದು, ಮಂದವಾದ ಬೆಳಕಿನಲ್ಲಿ ಮೊದಲೇ ಓದಿದ ಪುಸ್ತಕವೊಂದನ್ನು ಓದುವುದು. ನಾಮಸ್ಮರಣೆಯನ್ನು ಮಾಡುವವರು ಅದನ್ನು ಸ್ಮರಣೆಗಾಗಿಯೇ ಮಾಡಲಿ. ನಿದ್ರೆಯ ಗುಳಿಗೆಯೆಂದು ಮಾಡಿದರೆ ಸ್ಮರಣೆಯೂ ಆಗದು, ನಿದ್ರೆಯೂ ಬಾರದು.

ಗುಳಿಗೆಯ ವಿಷಯದಲ್ಲಿ ಎರಡು ಮಾತು. ಕೆಲವು ದಿನಗಳ ಆಪತ್ತಿಗೆ ವೈದ್ಯರು ಕೊಟ್ಟರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಪಡತಕ್ಕುದಿಲ್ಲ. ವರ್ಷಗಟ್ಟಲೆ ನುಂಗಿದರೆ ದೇಹವು ಅದಕ್ಕೆ ಒಗ್ಗಿಹೋಗುವುದು, ಮುದುಕರು ಇರುಳಿನಲ್ಲಿ ಎದ್ದು ಮುಗ್ಗರಿಸಿ ಬೀಳುವರು. ಹಾಗೆಂದು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ವೈದ್ಯರ ಸೂಚನೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಮದ್ಯವು ಬೇಗ ಮಲಗಿಸುವುದು, ರಾತ್ರಿಯ ಉತ್ತರಾರ್ಧವನ್ನು ಕೆಡಿಸುವುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರೂ, ಮಲಗಿದೊಡನೆ ಕಾಲು ಸೆಳೆದು ಆಡಿಸದೆ ಇರಲಾರದವರೂ, ಬೆಳಗಿನ ಜಾವಕ್ಕೆ ಎಚ್ಚತ್ತು ಬದುಕೇ ಬೇಡವೆಂದು ಕೊರಗುವವರೂ ಇಂಥ ಲೇಖನಗಳನ್ನು ನೆಚ್ಚಿ ಕೂರದೆ ವೈದ್ಯರ ಬಳಿಗೆ ಹೋಗತಕ್ಕುದು. ಅವು ಬೇರೆ ವ್ಯಾಧಿಗಳು, ಅವಕ್ಕೆ ಬೇರೆ ಚಿಕಿತ್ಸೆಗಳಿವೆ.

ಕೊನೆಯದಾಗಿ ಮನೆಯವರ ಪಾಲಿನ ಮಾತು. ಆ ಉಪಾಧ್ಯಾಯರ ಮನೆಯಲ್ಲಿ ಪ್ರತಿದಿನ ಬೆಳಗ್ಗೆ ಸೊಸೆಯು ಕಾಫಿಯ ಲೋಟದೊಡನೆ, "ಮಾವಯ್ಯ, ರಾತ್ರಿ ನಿದ್ದೆ ಬಂತೇ?" ಎಂದು ಕೇಳುವಳು. ಮಗನು ಸ್ನಾನಕ್ಕೆ ಹೋಗುವಾಗ ಅದನ್ನೇ ಕೇಳುವನು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳುವರು. ಎಲ್ಲರದೂ ಪ್ರೀತಿಯ ಮಾತೇ. ಆದರೆ ದಿನಕ್ಕೆ ಮೂರು ಸಲ ಪರೀಕ್ಷೆಗೆ ಕುಳಿತು ಮೂರು ಸಲವೂ ತಪ್ಪಾದವನು ರಾತ್ರಿ ಹಾಸಿಗೆಯ ಕಡೆಗೆ ಯಾವ ಧೈರ್ಯದಿಂದ ನಡೆದಾನು? ಇರುಳಿನಲ್ಲಿ ಅವರು ಎದ್ದು ಜಗುಲಿಯಲ್ಲಿ ಕುಳಿತುದನ್ನು ಕಂಡರೆ, ಏಕೆ ಎದ್ದಿರಿ ಎಂದು ದೀಪ ಹಚ್ಚಿ ಕೇಳದೆ, ಒಂದು ಶಾಲನ್ನು ಹೊದಿಸಿ ಒಳಗೆ ಹೋಗಬಹುದು. ಬೆಳಗ್ಗೆ ಕಾಫಿ ಕೊಡುವಾಗ ಕೇಳಲು ಬೇರೆ ಎಷ್ಟೋ ವಿಷಯಗಳಿವೆ: ಹಿತ್ತಲಿನ ನುಗ್ಗೆ ಹೂ ಬಿಟ್ಟಿತೇ, ಮೊಮ್ಮಗನ ಲೆಕ್ಕ ಸರಿಯಾಯಿತೇ, ಇಂದಿನ ಪುರಾಣದಲ್ಲಿ ಯಾವ ಪ್ರಸಂಗ ಎಂದು.